ಟಾಂಪಿಕೋದ ಅಳಿವೆಯಲ್ಲಿ

"ಉಸಿರು ಬಿಡ್ರಿ. ಅಳತಿ ತಗೊಳ್ಳಾಕ ಹತ್ತೇನಿ, ಎಕ್ಸ್‌ರೇ ಅಲ್ಲ," ಎಂದಳು ಸ್ಫೂರ್ತಿ.

ಶರಣ ಉಸಿರು ಬಿಟ್ಟ. ಎದೆ ಇಳಿಯಿತು, ಟೇಪು ಸಡಿಲಾಯಿತು.

"ಹಾಂ, ಈಗ ಬಂತು ನೋಡ್ರಿ ಖರೇ ಅಳತಿ. ಇಷ್ಟೊತ್ತು ಯಾರೋ ಪೈಲವಾನರು ನಿಂತಿದ್ರು."

"ನೀ ಇಷ್ಟು ಹತ್ರ ನಿಂತ್ರ ಉಸಿರು ಹೆಂಗ ಬಿಡೂದು?"

"ಹೆಂಗಂದ್ರ? ಮೂಗಿಲೆ."

ಅವನು ನಕ್ಕ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಮೊದಲು ಸಣ್ಣದಾಗುತ್ತದೆ ಎಂಬುದನ್ನು ಫೋನಿನ ಪರದೆಯಲ್ಲಿ ಎಷ್ಟೋ ಸಲ ನೋಡಿದ್ದಳು. ಎದುರಿಗೆ ನೋಡುವಾಗ ಕೈಯಲ್ಲಿದ್ದ ಟೇಪು ಸುಮ್ಮನೆ ತಿರುಚಿಕೊಂಡಿತು.

ಸಿರಸಿಯ ದೇವಿಕೆರೆಯ ಹತ್ತಿರ ಸ್ಫೂರ್ತಿಯದು ಲೇಡೀಸ್ ಟೇಲರ್ ಅಂಗಡಿ. ಗಂಡಸರ ಬಟ್ಟೆ ಹೊಲಿಯುವುದಿಲ್ಲ ಎಂದು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದಳು. ಆದರೆ ಬರುವ ಸೋಮವಾರ ತನ್ನ ಪಕ್ಕದಲ್ಲಿ ಕೂತು ನಿಶ್ಚಯ ಮಾಡಿಕೊಳ್ಳುವವನ ಜುಬ್ಬಾವನ್ನು ಇನ್ನೊಬ್ಬ ಟೇಲರ್ ಹೊಲಿದರೆ ಊರು ನಗುವುದಿಲ್ಲವೇ? ನಿಯಮ ಮಾಡಿದವಳೇ ನಿಯಮ ಮುರಿದಳು.

ಶರಣ ಬನವಾಸಿಯ ಹುಡುಗ. ತಂದೆ ಅನಾನಸ್ ವ್ಯಾಪಾರಿ, ವರ್ಷದಲ್ಲಿ ಅರ್ಧ ಕಾಲ ಲಾರಿಯ ಹಿಂದೆ ದಿಲ್ಲಿ ಕಡೆಗೇ ಇರುವವರು. ಮಗ ಅದಕ್ಕೂ ದೂರ ಹೋದ. ಸರಕು ಹಡಗಿನ ಡೆಕ್ ಮೇಲೆ ಹಗ್ಗ ಎಳೆಯುವ, ತುಕ್ಕು ಕೆರೆದು ಬಣ್ಣ ಬಳಿಯುವ ಕೆಲಸ ಅವನದು. ಎರಡು ವರ್ಷದ ಹಿಂದೆ ತಂಗಿ ವಾಣಿಶ್ರೀಯ ಮದುವೆಯ ಬ್ಲೌಸುಗಳನ್ನು ಒಯ್ಯಲು ಬಂದವನು, "ಇಷ್ಟು ಸಣ್ಣ ತೋಳಿನ್ಯಾಗ ನಮ್ಮ ತಂಗಿ ಕೈ ಹೆಂಗ ಹೋಗತೈತ್ರಿ?" ಎಂದು ಕೇಳಿ ಸ್ಫೂರ್ತಿಯಿಂದ ಸರಿಯಾಗಿ ಬೈಸಿಕೊಂಡಿದ್ದ. ಬೈಸಿಕೊಂಡವನು ಮರುದಿನ ಮತ್ತೆ ಬಂದ. ಆಗ ಒಯ್ಯಲು ಯಾವ ಬ್ಲೌಸೂ ಬಾಕಿ ಇರಲಿಲ್ಲ. ಅಲ್ಲಿಂದ ಶುರುವಾದದ್ದು ಫೋನಿನಲ್ಲಿ ಬೆಳೆದು, ಎರಡೂ ಮನೆಗೆ ಗೊತ್ತಾಗಿ, ಕಡೆಗೆ ಹಿರಿಯರು ಕೂತು ಮಾತು ಮುಗಿಸಿದ್ದರು.

"ಕೊರಳು," ಎಂದು ಅವಳು ಟೇಪನ್ನು ಮೇಲಕ್ಕೆ ತಂದಳು.

ಶರಣ ಶರ್ಟಿನ ಕಾಲರನ್ನು ಗಟ್ಟಿಯಾಗಿ ಹಿಡಿದುಕೊಂಡ. "ಅಂದಾಜಿಗೆ ಹೊಲಿ, ಸಾಕು."

"ಅಂದಾಜಿಗೆ ಹೊಲಿಯಾಕ ಇದೇನು ಗೋಣಿಚೀಲ? ಕೈ ತಗೀರಿ."

ಕೈ ತೆಗೆದ. ಬಿಸಿಲಿಗೆ ಕಪ್ಪಾದ ಕೊರಳು. ಅದರ ಸುತ್ತ, ಮೊದಲು ಶಿವದಾರ ಇದ್ದ ಕಡೆ, ಮಾಸಿದ ತೆಳು ಗೆರೆಯೊಂದೇ ಉಳಿದಿತ್ತು. ದಾರವಿಲ್ಲ. ದಾರವಿಲ್ಲ ಎಂದರೆ ಅದಕ್ಕೆ ಕಟ್ಟಿದ ಬೆಳ್ಳಿಯ ಕರಡಿಗೆಯಿಲ್ಲ. ಕರಡಿಗೆಯಿಲ್ಲ ಎಂದರೆ ಅದರೊಳಗಿನ ಲಿಂಗವಿಲ್ಲ.

"ಕೊರಳು ಖಾಲಿ ಐತಲ್ರಿ," ಎಂದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಶರಣನ ಕೈ ತಾನಾಗಿಯೇ ಕೊರಳಿಗೆ ಹೋಯಿತು. "ದಾರ ಹೊಲಸಾಗಿತ್ತು. ಬದಲ್ಸಬೇಕಂತ ಮನ್ಯಾಗ ಬಿಚ್ಚಿಟ್ಟೇನಿ."

ಸುಳ್ಳು ಹೇಳಲೂ ಒಂದು ಅಭ್ಯಾಸ ಬೇಕು. ಅವರ ಮನೆಗಳಲ್ಲಿ ಹೊಸ ದಾರಕ್ಕೆ ಲಿಂಗ ಕಟ್ಟಿ ಕೊರಳಿಗೆ ಹಾಕಿದ ಮೇಲೇ ಹಳೆಯದನ್ನು ತೆಗೆಯುವುದು. ಜಳಕಕ್ಕೂ ಬಿಚ್ಚುವುದಿಲ್ಲ, ಜ್ವರ ಬಂದರೂ ಬಿಚ್ಚುವುದಿಲ್ಲ. ಈಗಿನ ಎಷ್ಟೋ ಹುಡುಗರು ಹಾಕಿಕೊಳ್ಳುವುದೇ ಇಲ್ಲ, ಅದು ಬೇರೆ ಮಾತು. ಆದರೆ ಶರಣನ ತಾಯಿ ಪಾರ್ವತವ್ವ ಲಿಂಗಪೂಜೆಯಾಗದೆ ನೀರೂ ಮುಟ್ಟದ ಹೆಂಗಸು. ಸ್ಫೂರ್ತಿಯನ್ನು ನೋಡಲು ಬಂದ ದಿನ ಓದು, ಗಳಿಕೆ, ಅಡುಗೆ ಯಾವುದನ್ನೂ ಆಕೆ ಕೇಳಿರಲಿಲ್ಲ. "ಮೈಮ್ಯಾಲೆ ಲಿಂಗ ಐತೇನವ್ವಾ?" ಎಂದಷ್ಟೇ ಕೇಳಿ, ಇದೆ ಎಂದ ಮೇಲೆ ಕೊಟ್ಟ ಚಹಾ ಕುಡಿದಿದ್ದಳು.

ಸ್ಫೂರ್ತಿ ತೋಳಿನ ಅಳತೆ ತೆಗೆದು, ಶುಕ್ರವಾರ ಜುಬ್ಬಾ ಕೊಡುತ್ತೇನೆಂದು ಕಳಿಸಿದಳು.

ಅವನು ಹೋದ ಮೇಲೆ ಮಶೀನಿನ ಮುಂದೆ ಕೂತು ಫೋನು ತೆಗೆದಳು.

ಅವನ ಹಡಗು ಈ ಸಲ ಮೆಕ್ಸಿಕೋದ ಟಾಂಪಿಕೋ ಎಂಬ ಬಂದರಿನಲ್ಲಿ ಎಂಜಿನ್ ಕೆಟ್ಟು ಬಹಳ ದಿನ ನಿಂತಿತ್ತು. ಪಾನುಕೋ ಎಂಬ ದೊಡ್ಡ ಹೊಳೆ ಸಮುದ್ರಕ್ಕೆ ಬೀಳುವ ಬಾಯಲ್ಲಿರುವ ವ್ಯಾಪಾರದ ಊರು. ಅಂಥ ಜಾಗಕ್ಕೆ ನಮ್ಮ ಕರಾವಳಿಯವರು ಅಳಿವೆ ಎನ್ನುತ್ತಾರೆ. ಮೊದಲ ಸಲ ಆ ಹೆಸರು ಕೇಳಿದಾಗ ಅವಳು, "ಅಲ್ಲಿನೂ ಸೀರಿಗೆ ಫಾಲ್-ಪಿಕೋ ಮಾಡ್ತಾರೇನ್ರಿ?" ಎಂದು ಕಾಡಿಸಿದ್ದಳು. ಅವನು ದಿನಕ್ಕೊಂದು ಸುದ್ದಿ ಕಳಿಸುತ್ತಿದ್ದ. ಊರ ನಡುವಿನ ಕೆರೆಯಲ್ಲಿ ಮೊಸಳೆಗಳಿವೆಯಂತೆ, ಜನ ಅದರ ದಂಡೆಯ ಮೇಲೇ ವಾಕಿಂಗ್ ಹೋಗುತ್ತಾರಂತೆ. ಬಿರುಗಾಳಿ ಆ ಊರಿಗೆ ಬಡಿಯುವುದಿಲ್ಲವಂತೆ, ಯಾಕೆಂದರೆ ಸಮುದ್ರದ ತಳದಲ್ಲಿ ಬೇರೆ ಗ್ರಹದವರು ಕೂತು ಕಾಯುತ್ತಾರೆಂದು ಅಲ್ಲಿ ಕೆಲವರು ಹೇಳುತ್ತಾರಂತೆ. "ನಮ್ಮ ಕಡೆ ಇದಕ್ಕ ಭೂತಪ್ಪ ಅಂತಾರ," ಎಂದು ಅವಳು ಉತ್ತರ ಬರೆದಿದ್ದಳು.

ಈಗ ಆ ಫೋಟೋಗಳನ್ನೇ ಒಂದೊಂದಾಗಿ ದೊಡ್ಡದು ಮಾಡಿ ನೋಡಿದಳು. ಕಬ್ಬಿಣದ ಕಟಾಂಜನದ ಹಳೆಯ ಕಟ್ಟಡಗಳ ಮುಂದೆ ನಿಂತಾಗ ಕೊರಳಲ್ಲಿ ದಾರವಿದೆ. ಮೊಸಳೆ ಕೆರೆಯ ಹತ್ತಿರ ಇದೆ. ಮಾರ್ಕೆಟ್ಟಿನಲ್ಲಿ ಮಾರಿಸೋಲ್ ಎಂಬ ಹೆಂಗಸಿನ ತಿಂಡಿ ಅಂಗಡಿಯಲ್ಲೂ ಇದೆ. ಮಾಂಸ ಹಾಕದೆ, ಕಾಳು ಮತ್ತು ಚೀಸ್ ತುಂಬಿ ಇವನಿಗೆಂದೇ ಬ್ರೆಡ್ಡು ಮಾಡಿಕೊಡುತ್ತಿದ್ದವಳು ಅವಳು. ಹಸಿಮೆಣಸಿನಕಾಯಿ ತಿನ್ನುವ ಪಂದ್ಯ ಕಟ್ಟಿ, ಬ್ಯಾಡಗಿ ಸೀಮೆಯ ಪಕ್ಕದ ಶರಣನ ಮುಂದೆ ಸೋತು, ಹೊಟ್ಟೆ ಹಿಡಿದು ನಗುತ್ತಿದ್ದಳು. ಅವಳ ಕೊರಳಲ್ಲಿ ಶಿಲುಬೆ. ಅದಾದ ಮೇಲಿನ ಒಂದು ಫೋಟೋದಲ್ಲೂ ಶರಣನ ಕೊರಳಲ್ಲಿ ದಾರವಿಲ್ಲ.

ಹಡಗಿನವರ ಬಗ್ಗೆ ಜನ ಆಡುವ ಮಾತು ಸ್ಫೂರ್ತಿಗೆ ಹೊಸದಲ್ಲ. ಬಂದರಿಗೊಬ್ಬಳು ಅನ್ನುತ್ತಾರೆ. ಅವಳು ನಂಬಿರಲಿಲ್ಲ. ಈಗ ನಂಬಬಾರದೆಂದು ಎಷ್ಟು ಹಟ ಹಿಡಿದರೂ ಆ ಹೆಂಗಸಿನ ನಗು ಕಣ್ಣಿಂದ ಹೋಗಲಿಲ್ಲ. ಅವಳಿಗಾಗಿ ಲಿಂಗ ಬಿಟ್ಟನೇ? ಅಲ್ಲೇ ಚರ್ಚಿನಲ್ಲಿ ಮದುವೆಯಾದನೇ? ಹಾಗಾದರೆ ಇಲ್ಲಿ ಬಂದು ಜುಬ್ಬಾದ ಅಳತೆ ಕೊಡುವುದು ಯಾಕೆ?

ಸೋಮವಾರದೊಳಗೆ ಸತ್ಯ ಗೊತ್ತಾಗಬೇಕು, ಇಲ್ಲದಿದ್ದರೆ ನಿಶ್ಚಯಕ್ಕೆ ಕೂರುವುದಿಲ್ಲ ಎಂದು ತೀರ್ಮಾನ ಮಾಡಿದಳು. ತೀರ್ಮಾನವಾಯಿತೇ ಹೊರತು ನೆಮ್ಮದಿ ಬರಲಿಲ್ಲ. ಆ ಹುಡುಗ ಅವಳಿಗೆ ಬೇಕಾಗಿದ್ದ. ಅಷ್ಟೇ ಕಷ್ಟ.

ಶುಕ್ರವಾರ ಅಂಗಡಿಗೆ ಬೀಗ ಹಾಕಿ, ಜುಬ್ಬಾ ಚೀಲದಲ್ಲಿಟ್ಟುಕೊಂಡು ಬನವಾಸಿ ಬಸ್ಸು ಹತ್ತಿದಳು.

"ಅಯ್ಯ, ನೀ ಯಾಕ ಬರಾಕ ಹೋದೆವ್ವಾ ಇಷ್ಟು ಬಿಸಲಾಗ?" ಎಂದು ಪಾರ್ವತವ್ವ ಬಾಗಿಲಲ್ಲೇ ಕೈ ಹಿಡಿದಳು. ಹಿಂದಿನ ಹಿತ್ತಿಲಲ್ಲಿ ಕೊಯ್ದ ಅನಾನಸ್ ರಾಶಿ ಬಿದ್ದಿತ್ತು, ಮನೆಯೆಲ್ಲ ಅದೇ ವಾಸನೆ. "ಬಾ, ಕುಂದರು. ರೊಟ್ಟಿ ಬಡ್ಯಾಕ ಹತ್ತೇನಿ. ಉಂಡs ಹೋಗಬೇಕು. ಶರಣ ಪೂಜಿಗೆ ಕುಂತಾನ, ಈಗ ಏಳ್ತಾನ."

"ಪೂಜಿಗೆ?"

"ಹೂಂ ಮತ್ತ. ಸಮುದ್ರದಿಂದ ಬಂದಾಗಿಂದ ನನಗಿಂತ ಹೆಚ್ಚು ಹೊತ್ತು ಕುಂದರ್ತಾನ. ಬಾಗಲಾ ಮುಂದ ಮಾಡ್ಕೋತಾನ." ಪಾರ್ವತವ್ವನ ಮುಖದಲ್ಲಿ ಹೆಮ್ಮೆ.

ಕೈಕಾಲು ತೊಳೆಯುವ ನೆಪದಲ್ಲಿ ಸ್ಫೂರ್ತಿ ಒಳಗೆ ನಡೆದಳು. ಪೂಜೆಯ ಕೋಣೆಯ ಬಾಗಿಲು ಪೂರ್ತಿ ಕೂತಿರಲಿಲ್ಲ. ಸಂದಿಯಲ್ಲಿ ಶರಣ ಕಂಡ. ಹಣೆಗೆ ಮೂರು ಗೆರೆ ವಿಭೂತಿ ಧರಿಸಿ, ಎಡಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದ. ಆ ಅಂಗೈಯಲ್ಲಿ ಲಿಂಗವಿರಬೇಕಿತ್ತು. ಏನೂ ಇರಲಿಲ್ಲ. ಖಾಲಿ ಅಂಗೈಯ ಮೇಲೆ ಒಂದು ಹೂವಿಟ್ಟು, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ ಕೂತಿದ್ದ. ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ಗೋಜಿಗೂ ಹೋಗಿರಲಿಲ್ಲ.

ದೇವರನ್ನು ಬಿಟ್ಟು ಬಂದವನು ಹೀಗೆ ಕೂರುವುದಿಲ್ಲ. ಅಷ್ಟು ಸ್ಫೂರ್ತಿಗೆ ಅಲ್ಲೇ ತಿಳಿಯಿತು.

ಅವನು ಕಣ್ಣು ತೆರೆದಾಗ ಅವಳು ಬಾಗಿಲಲ್ಲಿದ್ದಳು.

"ಎಷ್ಟೊತ್ತಾತು ನಿಂತು?"

"ಆಗಲೇ ಬಂದೇನಿ. ಹಿತ್ತಲಕ್ಕ ಬರ್ರಿ."

ಅನಾನಸ್ ರಾಶಿಯ ಆಚೆ, ಹಲಸಿನ ಮರದ ನೆರಳಿಗೆ ಇಬ್ಬರೂ ನಿಂತರು. ಏನೇನೋ ಕೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದವಳು, ಮೊದಲು ಕೇಳಿದ್ದು ಬೇರೆಯೇ.

"ಮಾರಿಸೋಲ್ ಯಾರು?"

ಶರಣ ಪಿಳಿಪಿಳಿ ನೋಡಿದ. "ಬ್ರೆಡ್ ಅಂಗಡ್ಯಾಕಿ. ಯಾಕ?"

"ಬ್ರೆಡ್ ಅಂಗಡ್ಯಾಕಿ ಅಷ್ಟ?"

"ಎರಡು ಮಕ್ಕಳ ತಾಯಿ ಅದಾಳ. ಗಂಡ ಹೊಳ್ಯಾಗ ಏಡಿ ಹಿಡೀತಾನ. ನೀ ಏನು ತಿಳಕೊಂಡಿ?" ಒಂದು ಗಳಿಗೆ ಬಿಟ್ಟು ಅವನಿಗೆ ಹೊಳೆಯಿತು. ಅಷ್ಟು ಹೊತ್ತಿನ ಅಳು ಮುಖದಲ್ಲೂ ಎಡಗಣ್ಣು ಸಣ್ಣದಾಯಿತು. "ಹೊಟ್ಟಿಕಿಚ್ಚಾ?"

"ಹೂಂ, ಹೊಟ್ಟಿಕಿಚ್ಚು. ಎರಡು ದಿನ ನಿದ್ದಿ ಮಾಡಿಲ್ಲ. ನಗಬ್ಯಾಡ್ರಿ, ಅನಾನಸ್ ತಗೊಂಡು ಹೊಡೀತೇನಿ. ಲಿಂಗ ಎಲ್ಲೈತಿ ಹೇಳ್ರಿ."

ನಗು ಹೋಯಿತು. "ಹೊಳ್ಯಾಗ."

"ಯಾವ ಹೊಳ್ಯಾಗ?"

"ಟಾಂಪಿಕೋದಾಗ. ಹಡಗು ರಿಪೇರಿ ಆಗಿ ಹೊಂಟ ದಿವಸ." ಅವನು ಮರಕ್ಕೆ ಒರಗಿದ. "ಅಲ್ಲೆ ಹೊಳಿ ಬಾಯಾಗ ಎರಡೂ ಕಡೆ ಸಮುದ್ರದೊಳಗ ಉದ್ದಕ ಕಲ್ಲಿನ ಒಡ್ಡು ಹಾಕ್ಯಾರ. ಜನಾ ಅದರ ಮ್ಯಾಲೆ ತಿರಗ್ಯಾಡಾಕ ಬರ್ತಾರ. ಹಡಗು ಹೊಂಟ್ರ ಕೈ ಬೀಸ್ತಾರ. ಗುರ್ತಿಲ್ಲ, ಪರಿಚಯಿಲ್ಲ, ಆದ್ರೂ ಬೀಸ್ತಾರ. ನಿನಗ ಹೇಳಿದ್ದೆ."

ಸ್ಫೂರ್ತಿಗೆ ನೆನಪಿತ್ತು. "ನಾನs ಅಂದಿದ್ದೆ. ಅದರ ವಿಡಿಯೋ ಮಾಡಿ ಕಳಸ್ರಿ, ನನ್ನ ಪರವಾಗಿ ನೀವೂ ಕೈ ಬೀಸ್ರಿ ಅಂತ."

"ಅದನ್ನs ಮಾಡಾಕ ಹತ್ತಿದ್ದೆ. ಒಂದು ಕೈಯಾಗ ಫೋನು. ರೇಲಿಂಗ್ ಮ್ಯಾಲೆ ಬಗ್ಗಿ ಇನ್ನೊಂದು ಕೈ ಬೀಸಿದೆ. ಕರಡಿಗಿ ಅಂಗಿಯಿಂದ ಹೊರಗ ಬಂದು ಜೋತು ಬಿದ್ದಿತ್ತು. ರೇಲಿಂಗಿನ ಕೊಕ್ಕಿಗೆ ದಾರ ಸಿಕ್ಕೊಂತು, ಮ್ಯಾಲೆ ಎದ್ದೆ, ಟಪ್ ಅಂತ ಹರೀತು. ಬಿಸಲಾಗ ಮಿಂಚಿದ್ದು ಕಂಡೆ. ಅಷ್ಟs."

ಆ ವಿಡಿಯೋ ಅವಳ ಬಳಿ ಇತ್ತು. ಕಲ್ಲಿನ ಮೇಲೆ ಸಾಲಾಗಿ ಜನ, ಕೆಂಪು ಫ್ರಾಕಿನ ಹುಡುಗಿ, ಆಮೇಲೆ ಬರೀ ಆಕಾಶ. ಫೋನು ಕೈ ಜಾರಿರಬೇಕೆಂದು ನಕ್ಕು ಮತ್ತೆ ಮತ್ತೆ ನೋಡಿದ್ದಳು.

"ನನಗ್ಯಾಕ ಹೇಳಲಿಲ್ಲ?"

"ನಿನ್ನ ಸಲುವಾಗಿ ಹೋತು ಅಂತ ಹೆಂಗ ಹೇಳಲಿ? ಅವ್ವಗ ಹೇಳಿದ್ರ ಏನು ಅಂತಾಳ ಗೊತ್ತಾ? ಕಾಲ್ಗುಣ ಅಂತಾಳ. ಸೋಮವಾರದ ಕಾರ್ಯ ಅಲ್ಲಿಗೇ ನಿಂದರ್ತೈತಿ. ಯಾರಿಗೂ ಗೊತ್ತಾಗದಂಗ ಮಠದ ಸ್ವಾಮಿಗಳ ಕಡಿಂದ ಬ್ಯಾರೆ ಲಿಂಗ ಕಟ್ಟಿಸ್ಕೋಬೇಕಂತ ಎರಡು ಸಲ ಹೊಂಟೆ. ಅಜ್ಜಾರ ಮುಂದ ಸುಳ್ಳು ಹೇಳಾಕ ಬಾಯಿ ಬರಲಿಲ್ಲ, ತಿರುಗಿ ಬಂದೆ. ನಿನ್ನ ಕಳಕೊಳ್ಳಾಕ ಆಗಂಗಿಲ್ಲ ಸ್ಫೂರ್ತಿ. ಅದನ್ನೂ ಕಳಕೊಂಡು, ನಿನ್ನೂ ಕಳಕೊಂಡ್ರ ನನ್ನ ಕೈಯಾಗ ಏನು ಉಳೀತೈತಿ?"

ಅವನು ಇಷ್ಟು ನೇರವಾಗಿ ಎಂದೂ ಹೇಳಿರಲಿಲ್ಲ. ಫೋನಿನಲ್ಲಿ ಎಲ್ಲವೂ ತಮಾಷೆಯ ಬಟ್ಟೆ ಉಟ್ಟೇ ಬರುತ್ತಿತ್ತು. ಸ್ಫೂರ್ತಿಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ಹಿತ್ತಿಲ ಬೇಲಿಯಾಚೆ ಜನ ಓಡಾಡುತ್ತಿದ್ದರು. ಅವನ ಅಂಗಿಯ ತೋಳನ್ನು ಮಾತ್ರ ಬಿಗಿಯಾಗಿ ಹಿಡಿದುಕೊಂಡಳು.

"ನಡೀರಿ ಒಳಗ."

"ಯಾಕ?"

"ಅತ್ತಿಯವ್ರಿಗೆ ಹೇಳೂಣು."

"ಹುಚ್ಚಿ ಏನು? ಸೋಮವಾರ ಮುಗೀಲಿ, ಆಮ್ಯಾಲೆ..."

"ಆಮ್ಯಾಲೆ ಅಂದ್ರ ಅವ್ರಿಗೆ ಮೋಸ ಮಾಡಿ ಸೊಸಿ ಆದಂಗ ಆಗತೈತಿ. ಅವ್ರು ನನ್ನ ಒಂದs ಮಾತು ಕೇಳಿದ್ರು. ನಿಮ್ಮ ಮಗನ ಮೈಮ್ಯಾಲೆ ಐತೇನು ಅಂತ ಯಾರೂ ಕೇಳಿಲ್ಲ, ಅಷ್ಟs." ಅವಳು ಅಂಗಿಯ ತೋಳು ಬಿಟ್ಟು ಒಳಗೆ ನಡೆದಳು.

ಪಾರ್ವತವ್ವ ಒಲೆಯ ಮುಂದೆ ರೊಟ್ಟಿ ತಿರುವಿ ಹಾಕುತ್ತಿದ್ದಳು. ಸ್ಫೂರ್ತಿ ಎದುರಿಗೆ ನೆಲದ ಮೇಲೆ ಕೂತು, ಸುತ್ತಿ ಬಳಸದೆ ಹೇಳಿಬಿಟ್ಟಳು. ಎಲ್ಲಿ ಹೋಯಿತು, ಹೇಗೆ ಹೋಯಿತು, ವಿಡಿಯೋ ಮಾಡೆಂದು ಯಾರು ಕೇಳಿದ್ದು, ಎಲ್ಲವನ್ನೂ.

ರೊಟ್ಟಿ ಹಂಚಿನ ಮೇಲೇ ಸೀದು ಹೋಯಿತು. ಶರಣ ಬಗ್ಗಿ ಗ್ಯಾಸ್ ಆರಿಸಿದ.

ಪಾರ್ವತವ್ವ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು. ದನಿ ಸಣ್ಣದಾಗಿತ್ತು. "ಹಿಂದಕ ಲಿಂಗ ಹೋದ್ರ ಜೀವಾನs ಬಿಡ್ತಿದ್ರಂತ." ಆಮೇಲೆ ಸ್ಫೂರ್ತಿಯನ್ನು ನೋಡಿದಳು. "ಇನ್ನೂ ಮನಿಗೆ ಕಾಲಿಟ್ಟಿಲ್ಲ. ಆಗಲೇ ನನ್ನ ಮಗನ ಕೊರಳು ಬರಿದಾತು. ಕಾಲ್ಗುಣ ಅನ್ನೂದು..."

"ಅವ್ವಾ, ಸಾಕು." ಶರಣ ಸ್ಫೂರ್ತಿಯ ಪಕ್ಕದಲ್ಲೇ ಕೂತ. "ಪೂರಾ ಕೇಳು. ಲಿಂಗ ಬಿದ್ದ ಕೂಡ್ಲೇ ನಾ ರೇಲಿಂಗ್ ಮ್ಯಾಲೆ ಕಾಲು ಇಟ್ಟಿದ್ದೆ, ಹಾರಾಕ. ಬುದ್ಧಿ ಇರಲಿಲ್ಲ. ನೀ ಈಗ ಅಂದ್ಯಲ್ಲ, ಅದs ಮಾತು ತಲ್ಯಾಗಿತ್ತು. ಕೈಯಾಗ ಫೋನಿತ್ತು. ಇದು ಒದ್ದಿ ಆದ್ರ ಆಕಿಗೆ ವಿಡಿಯೋ ಹೋಗಂಗಿಲ್ಲ ಅಂತ, ಎಲ್ಲಿ ಇಡ್ಲಿ ಅಂತ ಆಕಡಿ ಈಕಡಿ ನೋಡಿದೆ. ಅಷ್ಟರಾಗ ಹಿಂದಿನಿಂದ ನಮ್ಮ ಮೇಸ್ತ್ರಿ ಹಿಡದು ಎಳದು ಕೆಡವಿದ. ಹಾರಿದ್ರ ಹಡಗಿನ ಅಡಿಗೆ ಹೋಗ್ತಿದ್ದೆ. ಆಕಿ ವಿಡಿಯೋ ಕೇಳಿರಲಿಲ್ಲ ಅಂದ್ರ ಲಿಂಗ ಬೀಳ್ತಿರಲಿಲ್ಲ, ಖರೇ. ಆದ್ರ ಬಿದ್ದ ಮ್ಯಾಲೆ ನಾ ಉಳದದ್ದೂ ಆಕಿ ಸಲುವಾಗೇ. ಕಾಲ್ಗುಣ ಅಂದ್ರ ಎರಡನ್ನೂ ಲೆಕ್ಕಕ್ಕ ಹಿಡಿ."

ಸ್ಫೂರ್ತಿಗೂ ಇದು ಗೊತ್ತಿರಲಿಲ್ಲ. ಅವಳು ಅವನತ್ತ ತಿರುಗಿದಳು, ಬೈಯಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಅರ್ಧರ್ಧ ಮಾಡಿದಳು.

ಪಾರ್ವತವ್ವ ಎದ್ದು ಪೂಜೆಯ ಕೋಣೆಗೆ ಹೋದಳು. ಇವರಿಬ್ಬರೂ ಸೀದ ರೊಟ್ಟಿಯ ಮುಂದೆ ಕೂತೇ ಇದ್ದರು. ತಿರುಗಿ ಬಂದಾಗ ಆಕೆಯ ಕಣ್ಣು ಕೆಂಪಗಿತ್ತು.

"ಎಂಥಾ ಜಾಗ ಅಂದಿ ಅದು? ಹೊಳಿ ಸಮುದ್ರ ಕೂಡ್ತೈತಾ ಅಲ್ಲೆ?"

"ಹೂನವ್ವಾ. ಹೊಳಿ ಬಾಯಾಗs ಬಿತ್ತು."

"ಹಂಗಾರ ಸಂಗಮ ಅನ್ನು." ಪಾರ್ವತವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅಣ್ಣ ಬಸವಣ್ಣ ಐಕ್ಯ ಆದದ್ದೂ ಹೊಳಿ ಕೂಡೂ ಜಾಗದಾಗs. ಸಂಗಮಕ್ಕ ಬಿದ್ದದ್ದು ಎಲ್ಲೂ ಹೋಗಿಲ್ಲ ಅಂತ ತಿಳಕೋತೇನಿ. ನಾಳೆ ಮುಂಜಾನೆ ಮಠಕ್ಕ ಹೋಗಿ ಅಜ್ಜಾರ ಕಡಿಂದ ಬ್ಯಾರೆ ಕಟ್ಟಿಸ್ಕೋ. ಅಲ್ಲಿತನಕ ಈ ಮನ್ಯಾಗ ಯಾರೂ ಉಣ್ಣಂಗಿಲ್ಲ." ಸ್ಫೂರ್ತಿಯ ಕಡೆ ನೋಡದೆ ಹೇಳಿದಳು, "ನೀ ಉಂಡು ಬಸ್ಸಿಗೆ ಹೋಗವ್ವಾ. ನೀ ಬ್ಯಾರೆ ಮನಿಯಾಕಿ."

"ಬ್ಯಾರೆ ಮನಿಯಾಕಿ ಆಗಿದ್ರ ಉಣ್ತಿದ್ದೆ, ಅತ್ತೀ," ಎಂದಳು ಸ್ಫೂರ್ತಿ.

ಪಾರ್ವತವ್ವ ಆಗ ಅವಳ ಮುಖ ನೋಡಿದಳು. ಫೋನು ಹುಡುಕಿ, ಸ್ಫೂರ್ತಿಯ ತಾಯಿಗೆ ಹಚ್ಚಿ, ಮಗಳು ಇವತ್ತು ಇಲ್ಲೇ ಉಳಿಯುತ್ತಾಳೆ, ನಾಳೆ ಮಠಕ್ಕೆ ಹೋಗುವುದಿದೆ ಎಂದಷ್ಟೇ ಹೇಳಿದಳು.

ಮರುದಿನ ಬೆಳಿಗ್ಗೆ ಮಠದಲ್ಲಿ ಶರಣ ಅಜ್ಜಾರ ಎದುರು ಎಲ್ಲವನ್ನೂ ಒಪ್ಪಿಸಿದ. ಅವರು ಬೈಯಲಿಲ್ಲ, ಬುದ್ಧಿಯೂ ಹೇಳಲಿಲ್ಲ. ಅಂಗೈ ತೊಳೆಸಿ, ಹೊಸ ಲಿಂಗವನ್ನು ಅದರ ಮೇಲಿಟ್ಟು, ಆಮೇಲೆ ಕೊರಳಿಗೆ ಕಟ್ಟಿದರು. ಶರಣನ ಹೆಗಲು ಎಷ್ಟೋ ವಾರಗಳ ಮೇಲೆ ಸಡಿಲಾದದ್ದನ್ನು ಸ್ಫೂರ್ತಿ ಹಿಂದಿನಿಂದ ನೋಡಿದಳು. ಟೇಲರ್‌ಗೆ ಹೆಗಲು ಬೇಗ ತಿಳಿಯುತ್ತದೆ.

ಪ್ರಸಾದದ ಸಾಲಿನಲ್ಲಿ ಕೂತಾಗ ಅವಳು ಪಿಸುಗುಟ್ಟಿದಳು. "ಖಾಲಿ ಕೈ ಹಿಡಕೊಂಡು ಅಷ್ಟೊತ್ತು ಏನು ಬೇಡ್ಕೋತಿದ್ರಿ?"

"ಲಿಂಗ ಕಳಕೊಂಡೇನಿ, ಕ್ಷಮಿಸು ಅಂತ."

"ಅಷ್ಟs?"

"ಸ್ಫೂರ್ತಿನ ಕೊಡು ಅಂತ."

"ಎರಡನ್ನೂ ಒಂದs ಪೂಜ್ಯಾಗ ಮುಗಿಸಿದ್ರಿ?"

"ಹಡಗಿನಾಂವ. ಸಿಕ್ಕ ಹೊತ್ತಿನ್ಯಾಗ ಎಲ್ಲಾ ಸರಕು ಇಳಸಬೇಕು."

ಅವಳು ಬಾಯಿಗೆ ಸೆರಗು ಹಿಡಿದಳು. ಅವನ ಮೊಣಕೈ ಅವಳ ಮೊಣಕೈಗೆ ತಾಗಿತು. ಇಬ್ಬರೂ ಸರಿಸಿಕೊಳ್ಳಲಿಲ್ಲ.

ಬಡಿಸುವ ಬುಟ್ಟಿ ಹಿಡಿದು ಪಾರ್ವತವ್ವ ಸಾಲಿನ ಮುಂದೆ ಬಂದಳು. ನಿನ್ನೆ ಮಧ್ಯಾಹ್ನದಿಂದ ಹೊಟ್ಟೆಗಿಲ್ಲದ ಶರಣ ಎಲೆ ಮುಂದಕ್ಕೆ ಸರಿಸಿದ. ಆಕೆ ಅವನನ್ನು ದಾಟಿ, ಬಿಸಿ ರೊಟ್ಟಿಯನ್ನು ಸ್ಫೂರ್ತಿಯ ಎಲೆಗೆ ಹಾಕಿದಳು.

"ಅವ್ವಾ, ಉಪಾಸ ನನ್ನ ಸಲುವಾಗಿ ಇತ್ತು," ಎಂದ ಶರಣ.

"ನೀ ಕಳಕೊಂಡು ಮುಚ್ಚಿಟ್ಟಾಂವ. ಆಕಿ ಬಂದು ಹೇಳಿದಾಕಿ," ಎಂದಳು ಪಾರ್ವತವ್ವ. "ಮೊದಲು ನನ್ನ ಸೊಸಿ ಉಣ್ಣಲಿ."